ಕಾರಿನ ಕೆಳಗಿನ ಕೆಂಪು ಕಲೆ

ನನ್ನ ಮಾವನವರ ಕಾರಿಗೆ ಸ್ಟೇರಿಂಗು ಎಡಗಡೆ ಇತ್ತು. ಎಂಬತ್ತರ ದಶಕದ ಆರಂಭದಲ್ಲಿ ನಾನು ಜೇವರ್ಗಿಯಿಂದ ಆಳಂದಕ್ಕೆ ಸೊಸೆಯಾಗಿ ಬಂದಾಗ ಊರಿನಲ್ಲಿ ಇದ್ದದ್ದೇ ಬೆರಳೆಣಿಕೆಯ ಕಾರುಗಳು. ಅವುಗಳಲ್ಲಿ ಹೀಗೆ ಉಲ್ಟಾ ಕೂತು ಹೊಡೆಯಬೇಕಾದದ್ದು ನಮ್ಮದೊಂದೇ. ಯಾರೋ ಪರದೇಶಿ ಇಂಜಿನಿಯರು ಹೈದರಾಬಾದು ಬಿಡುವಾಗ ಮಾರಿಹೋದದ್ದನ್ನು ಮಾವ ತಮ್ಮ ಹರೆಯದಲ್ಲಿ ತಂದಿದ್ದರಂತೆ. ನಾನು ನೋಡುವ ಹೊತ್ತಿಗೆ ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಅಗಲವಾದ ಮೈ, ಸೋಫಾದಂಥ ಸೀಟು, ನಿಂತರೆ ಅರ್ಧ ಅಂಗಳ ಬೇಕು. ಕ್ಲಚ್ಚು ಇರಲಿಲ್ಲ. ಸ್ಟೇರಿಂಗಿನ ಪಕ್ಕದ ಹಿಡಿಕೆಯನ್ನು ಒಮ್ಮೆ ಕೆಳಗೆಳೆದರೆ ಮುಂದಿನ ಗೇರುಗಳೆಲ್ಲ ತಾವಾಗಿಯೇ ಬೀಳುತ್ತಿದ್ದವು. “ಗಾಡಿಗಿ ಖುದ್ದು ಬುದ್ಧಿ ಅದ. ಹೊಡ್ಯಾಂವಗ ಇಲ್ಲದಿದ್ರೂ ನಡೀತದ,” ಎಂದು ಮಾವ ಬಂದವರ ಮುಂದೆಲ್ಲ ಹೇಳುವರು. ಹೊಡೆಯುವವರು ಪಕ್ಕದಲ್ಲೇ ನಿಂತು ನಗುತ್ತಿದ್ದರು.

ಆ ಹೊಡೆಯುವವರನ್ನು ನಾನು ಕಾಕಾ ಎನ್ನುತ್ತಿದ್ದೆ. ಕಾರು ಮನೆಗೆ ಬಂದ ದಿನದಿಂದ ಅದರ ಸ್ಟೇರಿಂಗು ಹಿಡಿದವರು ಅವರೊಬ್ಬರೇ. ಮಾವನಿಗಿಂತ ನಾಲ್ಕಾರು ವರ್ಷ ಚಿಕ್ಕವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಮ್ಮ ಅಂಗಳದ ಮೂಲೆಯ ಕೋಣೆಯೇ ಅವರ ಮನೆ. ಕಾರು ಕೈತಪ್ಪಿದರೆ ಕೆಲಸವೂ ತಪ್ಪಿತು, ಇರಲು ನೆಲೆಯೂ ತಪ್ಪಿತು ಎಂಬಂಥ ಬಾಳು. ಮಾವನವರು ಕೆಟ್ಟವರಲ್ಲ. ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವವರು, ಕೊಟ್ಟ ಮಾತಿಗೆ ತಪ್ಪದವರು, ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ನನ್ನದೂ ಹಾಗೆಯೇ ಇದ್ದುದರಿಂದ ಇಬ್ಬರೂ ಒಬ್ಬರಿಗೊಬ್ಬರು ಸರಿಯಾಗಿದ್ದೀರಿ ಎಂದು ಅತ್ತೆ ಅನ್ನುತ್ತಿದ್ದರು. ನನ್ನ ಗಂಡ ಕಲಬುರಗಿಯಲ್ಲಿ ಕಾಲೇಜು ಮೇಷ್ಟ್ರು, ಶನಿವಾರ ಬಸ್ಸಿನಲ್ಲಿ ಬಂದು ಸೋಮವಾರ ಬಸ್ಸಿನಲ್ಲೇ ಹೋಗುವವರು. ಅವರಿಗೆ ಕಾರು ಅಂಗಳದಲ್ಲಿ ಇದೆಯೋ ಇಲ್ಲವೋ ಎಂಬುದೂ ಗೊತ್ತಿರುತ್ತಿರಲಿಲ್ಲ.

ಎಡಗಡೆ ಸ್ಟೇರಿಂಗಿನ ಗಾಡಿಗೆ ಒಂದು ತೊಂದರೆ. ಮುಂದೆ ಲಾರಿಯೊಂದು ಹೋಗುತ್ತಿದ್ದರೆ ಅದರಾಚೆ ಏನು ಬರುತ್ತಿದೆ ಎಂದು ಹೊಡೆಯುವವರಿಗೆ ಕಾಣದು. ಬಲಗಡೆ ಕೂತವರು ಕತ್ತು ಚಾಚಿ ನೋಡಿ ಹೇಳಬೇಕು. ಮೊದಲು ಆ ಕೆಲಸ ಅಂಗಡಿಯ ಗುಮಾಸ್ತರದಾಗಿತ್ತು. ನಾನು ಬಂದಮೇಲೆ ನನ್ನದಾಯಿತು. ನನ್ನಲ್ಲೇನೋ ಗುಣ ಕಂಡು ಕೊಟ್ಟದ್ದಲ್ಲ. ಹಿಂದೆ ಕೂತರೆ ನನಗೆ ವಾಂತಿ. ಎರಡು ಸಲ ಅತ್ತೆಯ ಇಳಕಲ್ ಸೀರೆ ಹಾಳಾದಮೇಲೆ ಅವರೇ ನನ್ನನ್ನು ಮುಂದಿನ ಸೀಟಿಗೆ ತಳ್ಳಿದರು. ಸೊಸೆ ಡ್ರೈವರನ ಪಕ್ಕ ಕೂತು ಹೋಗುತ್ತಾಳೆ ಎಂದು ಓಣಿಯಲ್ಲಿ ಮಾತು ಹುಟ್ಟಿತು. “ಆಡ್ಕೊಳ್ಳೋರು ಬಂದು ನನ್ನ ಸೀರಿ ಒಗದು ಹೋಗ್ಲಿ,” ಎಂದರು ಅತ್ತೆ. ಯಾರೂ ಬರಲಿಲ್ಲ.

ಹೀಗೆ ನಾನು ಆ ಸೀಟಿನಲ್ಲಿ ಕೂತು “ಖಾಲಿ ಅದ”, “ಬರಾಕತ್ತದ, ತಡೀರಿ” ಎಂದು ಹೇಳುತ್ತ ಮೂರು ತಾಲ್ಲೂಕು ತಿರುಗಿದೆ. ಕಾಕಾ ಮಾತಿನ ಮನುಷ್ಯ. “ತಂಗಿ, ಮುಂದ ಏನದ? ಎಮ್ಮಿ ಏನ್ ಅವು, ಮಂದಿ ಏನು?” ಎಂದು ಕೇಳುತ್ತಲೇ ಇರುವರು. ಹೊಸ ಸೊಸೆಗೆ ಬೇಸರವಾಗದಿರಲಿ ಎಂದು ಮಾತಾಡಿಸುತ್ತಾರೆ ಎಂದುಕೊಂಡು ನಾನು ಉತ್ಸಾಹದಿಂದ ಎಮ್ಮೆಗಳ ಲೆಕ್ಕ ಸಹ ಕೊಡುತ್ತಿದ್ದೆ.

ಮಟಕಿಯಲ್ಲಿ ನಮಗೆ ಹೊಲವಿತ್ತು. ತೊಗರಿ ರಾಶಿಯ ದಿನಗಳಲ್ಲಿ ಆಳುಗಳಿಗೆ ಬುತ್ತಿ ಒಯ್ಯುವುದು ನನ್ನ ಪಾಲಿಗಿತ್ತು. ಒಂದು ಮುಂಜಾನೆ ಹೊಲದ ದಾರಿಗೆ ತಿರುಗಿದ ಕೂಡಲೇ ಕಾಕಾ ಗಾಡಿ ನಿಲ್ಲಿಸಿ ಇಳಿದರು. ಸುತ್ತಿ ಬಂದು ನನ್ನ ಬಾಗಿಲು ತೆಗೆದು, “ತಂಗಿ, ಆ ಕಡಿ ಹೋಗಿ ಕುಂದ್ರು,” ಎಂದರು.

“ಯಾಕ್ರಿ ಕಾಕಾ?”

“ಕಲೀ. ಕಲ್ತದ್ದು ಕೈಯಾಗ ಇರ್ತದ, ಯಾರೂ ಕಸಗೊಳ್ಳೋದಿಲ್ಲ.”

ನಾನು ಬೇಡ ಎನ್ನಲಿಲ್ಲ. ಒಳಗಿನಿಂದ ಎಷ್ಟು ದಿನಗಳಿಂದ ಆಸೆ ಇತ್ತೆಂದರೆ, ನಾಚಿಕೆಯ ನಾಟಕವಾಡುವಷ್ಟೂ ತಡೆಯಲಾಗಲಿಲ್ಲ. ಆ ಸುಗ್ಗಿಯೆಲ್ಲ ಮಟಕಿಯ ಎರೆಮಣ್ಣಿನ ದಾರಿಯಲ್ಲಿ ಬುತ್ತಿಗಂಟು ಹಿಂದಿನ ಸೀಟಿನಲ್ಲಿ ಕುಳಿತು ಹೋಯಿತು, ನಾನು ಮುಂದೆ ಕೂತು ಹೊಡೆದೆ. ಅತ್ತೆಗೆ ಎರಡೇ ವಾರದಲ್ಲಿ ಗೊತ್ತಾಯಿತು. ನನ್ನ ಅಂಗೈ ನೋಡಿದರು, ಮುಖ ನೋಡಿದರು, ಏನೂ ಕೇಳಲಿಲ್ಲ. ಮಾವನಿಗೆ ಹೇಳುವ ಧೈರ್ಯ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಒಂದು ದಿನ ಹೊಲದ ಬದುವಿನ ಹತ್ತಿರ ಗಾಡಿ ಹೊರಳಿಸುವಾಗ ಕೆಳಗೆ ಘರ್ ಎಂದು ಸದ್ದಾಯಿತು. ಹೊಟ್ಟೆ ಒಂದು ಕಲ್ಲಿಗೆ ಉಜ್ಜಿತ್ತು. ಕಾಕಾ ಇಳಿದು ಕುಕ್ಕರಗಾಲಲ್ಲಿ ಕೂತು ಕೆಳಗೆ ಕೈ ಹಾಕಿ ಸವರಿದರು. “ಏನೂ ಆಗಿಲ್ಲ ಬಿಡು. ಸಣ್ಣದೊಂದು ತಗ್ಗು ಬಿದ್ದದ,” ಎಂದರು. ನಾನೂ ಬಿಟ್ಟೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪುವುದಿಲ್ಲ. ತೊಳೆದು, ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಕುಂಕುಮದ ನೀರು ನಿವಾಳಿಸಿ ಕೆಳಗೆ ಚೆಲ್ಲುವುದು. ಮಾವ ಶರಣರ ಮಾರ್ಗದಲ್ಲಿ ಬಿಗಿಯಾಗಿದ್ದವರು. ಇಷ್ಟಲಿಂಗದ ಪೂಜೆ ಬಿಟ್ಟು ಬೇರೆ ಯಾವುದಕ್ಕೂ ಕೈ ಮುಗಿದವರಲ್ಲ. “ಕಬ್ಬಿಣಕ್ಕ ಯಾಕಲೇ ಆರತಿ? ಎಣ್ಣಿ ಹಾಕು, ಅದ ಅದರ ಪೂಜಾ,” ಎಂದು ಗದರಿದರೂ ಕಾಕಾನ ಪೂಜೆಯನ್ನು ತಡೆದಿರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಕಾಕಾನ ಭಕ್ತಿ ಹೆಚ್ಚಾಯಿತು. ಮೊದಲು ಅಮಾವಾಸ್ಯೆಗೆ ಇದ್ದದ್ದು ಸೋಮವಾರಕ್ಕೂ ಬಂತು, ಆಮೇಲೆ ದಿನಾ ಮುಂಜಾನೆ. ನಾವು ಎದ್ದು ಅಂಗಳಕ್ಕೆ ಬರುವ ಹೊತ್ತಿಗೆ ಕಾರಿನ ಕೆಳಗೆ ಕುಂಕುಮದ ನೀರು ಹರಡಿರುತ್ತಿತ್ತು. ಅತ್ತೆಗೆ ಖುಷಿ. “ನೋಡು, ವಯಸ್ಸಾದಂಗ ಶಿವ ನೆನಪಾಗ್ತಾನ,” ಎನ್ನುತ್ತಿದ್ದರು.

ಒಂದು ದಿನ ನಾನು ಇನ್ನೂ ಬೆಳಕು ಹರಿಯುವಾಗಲೇ ಎದ್ದು ನೀರು ತುಂಬಲು ಬಂದೆ. ಕಾಕಾ ಕಾರಿನ ಕೆಳಗೆ ಕೈ ಚಾಚಿ ನೆಲ ಸವರುತ್ತಿದ್ದರು. ಕೈಗೆ ಹಸಿ ತಾಗಿದ ಕಡೆ ಮಣ್ಣು ಉಗ್ಗಿದರು, ಆಮೇಲೆ ತಂಬಿಗೆಯ ಕುಂಕುಮದ ನೀರನ್ನು ಅದರ ಮೇಲೆ ಸುರಿದರು. ಅವರು ಹೋದಮೇಲೆ ನಾನು ಬಗ್ಗಿ ಮಣ್ಣು ಕೆದರಿದೆ. ಕೆಳಗೆ ಕೆಂಪು ಕಲೆ. ಮೂಸಿದರೆ ಎಣ್ಣೆ. ಆ ಗಾಡಿಯ ಗೇರಿನ ಎಣ್ಣೆ ಬೇರೆ ಗಾಡಿಗಳ ಹಾಗೆ ಕಪ್ಪಲ್ಲ, ತೆಳ್ಳಗೆ, ದಾಸವಾಳದ ಬಣ್ಣ. ಹೈದರಾಬಾದಿನಿಂದ ಲಾರಿಯವರ ಕೈಯಲ್ಲಿ ಡಬ್ಬಿ ತರಿಸಬೇಕು. ಡಬ್ಬಿಗಳು ಈಚೆಗೆ ಬೇಗ ಬೇಗ ಬರುತ್ತಿದ್ದವು ಎಂಬುದೂ ಆಗಲೇ ನನ್ನ ತಲೆಗೆ ಹೊಳೆದದ್ದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಮಟಕಿಯ ಕಲ್ಲು. ನಾನು ಒಡೆದದ್ದನ್ನು ಈ ಮನುಷ್ಯ ದಿನಾ ಮುಂಜಾನೆ ಮುಚ್ಚುತ್ತಿದ್ದಾರೆ. ನನ್ನ ಕಲಿಕೆ ನಿಲ್ಲಬಾರದು, ನನ್ನ ಹೆಸರು ಬರಬಾರದು ಎಂದು ದೇವರ ಕುಂಕುಮವನ್ನೂ ಸುಳ್ಳಿಗೆ ಬಳಸುತ್ತಿದ್ದಾರೆ. ನಾನು ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಸ್ಟೇರಿಂಗು ಹೋಗುತ್ತದೆ ಎಂಬ ಒಂದೇ ಭಯಕ್ಕೆ ಸುಮ್ಮನಿದ್ದೆ. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಳೆಗಾಲ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಅಫಜಲಪುರದಲ್ಲಿ ಅತ್ತೆಯ ತಂಗಿಯ ಮಗಳ ಕುಬಸ, ಅಂದರೆ ಬಸುರಿಯ ಉಡಿ ತುಂಬುವ ಸೀಮಂತ. ಮಾವ, ಅತ್ತೆ ಹಿಂದೆ, ನಾನು ಮುಂದೆ, ಉಡಿ ತುಂಬುವ ಸಾಮಾನು ನನ್ನ ತೊಡೆಯ ಮೇಲೆ. ಕಲಬುರಗಿಯಲ್ಲಿ ಸೀರೆ ಕೊಂಡು ಅಫಜಲಪುರದ ದಾರಿ ಹಿಡಿದೆವು. ಗೊಬ್ಬೂರ ದಾಟಿದ ಮೇಲೆ ಇಂಜಿನ್ನು ಜೋರಾಗಿ ಕೂಗತೊಡಗಿತು. ಕೂಗು ಹೆಚ್ಚಿದಂತೆ ಗಾಡಿಯ ವೇಗ ಕಡಿಮೆಯಾಯಿತು. ಕಾಕಾ ಕಾಲು ಒತ್ತಿದರು, ಇಂಜಿನ್ನು ಅರಚಿತು, ಗಾಡಿ ಮಾತ್ರ ದಾರಿಯ ಬದಿಗೆ ಹೊರಳಿ ನಿಂತುಬಿಟ್ಟಿತು.

“ಎಣ್ಣಿ ನೋಡಿದ್ದೀ?” ಎಂದರು ಮಾವ.

“ಮುಂಜಾನೆ ನೋಡೇನ್ರಿ ಸಾವ್ಕಾರ್ರ. ಬರೋಬರಿ ಇತ್ರಿ.”

ಗೊಬ್ಬೂರದಿಂದ ಒಬ್ಬ ರೈತ ಜೋಡೆತ್ತು ತಂದ. ಹಗ್ಗ ಕಟ್ಟಿ ಎಳೆಯತೊಡಗಿದ. ಬುದ್ಧಿ ಇರುವ ಗಾಡಿ ಎತ್ತಿನ ಹಿಂದೆ ಹೊರಟಿತು. ಹೊಲಗಳಿಂದ ಜನ ಕೆಲಸ ಬಿಟ್ಟು ನೋಡಿದರು. ಮಾವ ಕಿಟಕಿ ಗಾಜು ಏರಿಸಿ, ಆ ಸೆಕೆಯಲ್ಲಿ ಬೆವರುತ್ತ ನೆಟ್ಟಗೆ ಕೂತರು. ಮುಂದೆ ಖಾಲಿ ಟ್ರ್ಯಾಕ್ಟರೊಂದು ಸಿಕ್ಕಿ ಉಳಿದ ದಾರಿ ಎಳೆಯಿತು. ಅಫಜಲಪುರದ ಲಾರಿ ಮಿಸ್ತ್ರಿಯ ಅಂಗಳ ಮುಟ್ಟುವತನಕ ಮಾವ ಗಾಜು ಇಳಿಸಲಿಲ್ಲ.

ಮಿಸ್ತ್ರಿ ನಡುವಯಸ್ಸಿನ ಮುಸಲ್ಮಾನರು. ಲಾರಿಗಳ ಗೇರುಪೆಟ್ಟಿಗೆ ಬಿಚ್ಚಿ ಕಟ್ಟುವುದರಲ್ಲಿ ಸುತ್ತೂರಿಗೆಲ್ಲ ಹೆಸರಾದವರು. ಎಣ್ಣೆ ನೋಡುವ ಕಡ್ಡಿ ಎಳೆದು ಬಿಸಿಲಿಗೆ ಹಿಡಿದರು. ತುದಿ ಒಂದಿಷ್ಟು ಹಸಿಯಾಗಿತ್ತು, ಗುರುತಿನ ಗೆರೆಯ ತನಕ ಏನೂ ಇರಲಿಲ್ಲ.

“ಎಣ್ಣಿ ಖಾಲಿ ಅದ ಸಾವ್ಕಾರ್ರ. ಇವತ್ತ ಆಗಿದ್ದಲ್ಲ ಇದು. ಭಾಳ ದಿನದಿಂದ ಸೋರಾಕತ್ತದ.”

ಆಮೇಲೆ ಬಗ್ಗಿ ಕೆಳಗೆ ನೋಡಿ, ಗೇರುಪೆಟ್ಟಿಗೆಯ ತಳದ ತಟ್ಟೆಗೆ ಕಲ್ಲು ಹೊಡೆದ ಗುರುತಿದೆ ಎಂದೂ ಹೇಳಿದರು. ಅಷ್ಟು ಸಾಕಾಯಿತು. ಬೀದಿಯಲ್ಲಿ ಎತ್ತಿನ ಹಿಂದೆ ಬಂದ ಅವಮಾನವೆಲ್ಲ ಮಾವನ ಬಾಯಿಗೆ ಬಂತು.

“ಕಲ್ಲಿಗಿ ಹೊಡ್ದೀ. ಹೊಡ್ದು ಮುಚ್ಚಿದೀ. ಮ್ಯಾಲ ನನ್ನ ಮುಂದ ನಿಂತು ಎಣ್ಣಿ ಇತ್ತು ಅಂತ ಸುಳ್ಳ ಹೇಳತೀ. ಮಿಸ್ತ್ರಿ, ಬರೋಬರಿ ನೋಡು. ಅದು ಆ ಕಲ್ಲಿನ ಕಡಿಂದ ಸೋರಿತ್ತಂದ್ರ ಇಂವ ಇಲ್ಲಿಂದನ ತನ್ನ ದಾರಿ ಹಿಡೀಲಿ. ನಮ್ಮ ಅಂಗಳಕ್ಕ ಮತ್ತ ಬರೋದು ಬ್ಯಾಡ.”

ಕಾಕಾ ಜೇಬಿನಿಂದ ಚಾವಿ ತೆಗೆದು ಬಾನೆಟ್ಟಿನ ಮೇಲಿಟ್ಟರು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅವರ ಜೇಬಿನಲ್ಲಿದ್ದ ಚಾವಿ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಮಾವಾರ, ಕಲ್ಲಿಗಿ ಹೊಡ್ದಾಕಿ ನಾನು.”

ಮಾವ ನನ್ನ ಕಡೆ ತಿರುಗಿದರು. ನಾನು ಹೇಳಿದ್ದು ಅವರಿಗೆ ಅರ್ಥವೇ ಆಗಿರಲಿಲ್ಲ.

“ಮಟಕಿ ಹೊಲದಾಗ ಗಾಡಿ ಹೊಡ್ಯಾಕತ್ತಿದ್ದೆ. ಕಾಕಾ ಕಲಸ್ಯಾರ. ಕಲ್ಲು ಬಡದದ್ದು ನನ್ನ ಕೈಯಿಂದ. ಕಳಸೋದಿದ್ರ ನನ್ನ ಜೇವರ್ಗಿಗಿ ಕಳಸ್ರಿ.”

“ಇಕಿ ಗಾಡಿ ಹೊಡೀತಾಳ?” ಎಂದು ಮಾವ ಕೇಳಿದ್ದು ಅತ್ತೆಯನ್ನು.

“ಹೌದ. ನಿಮಗ ಒಬ್ಬರಿಗೇ ಗೊತ್ತಿದ್ದಿಲ್ಲ,” ಎಂದರು ಅತ್ತೆ, ಉಡಿಯ ಸಾಮಾನು ಎತ್ತಿಡುತ್ತ.

ಕಾಕಾ ಮಾತ್ರ ನನ್ನ ಮೇಲೆ ಸಿಟ್ಟಾದರು. “ಸುಮ್ನಿರು ತಂಗಿ. ಕಲಸಾಂವ ನಾ, ಬಾಜೂಕ ಕುಂತಾಂವ ನಾ. ತಪ್ಪು ನಂದ ಅದ,” ಎಂದರು. ಇಬ್ಬರೂ ತಪ್ಪು ನನ್ನದು ತನ್ನದು ಎಂದು ಕಚ್ಚಾಡುವುದನ್ನು ಕಂಡು ಮಿಸ್ತ್ರಿಗೆ ನಗು ಬಂದಿರಬೇಕು. “ಜರಾ ತಡೀರಿ. ಇನ್ನೂ ನಾ ನೋಡೇ ಇಲ್ಲ. ತಗ್ಗು ಬಿದ್ದಲ್ಲೇ ಸೋರಬೇಕು ಅಂತ ಏನದ?” ಎಂದರು.

ಅವರ ಅಂಗಳದಲ್ಲಿ ಲಾರಿಗಳ ಕೆಳಗಿಳಿದು ಕೆಲಸ ಮಾಡಲು ಕಲ್ಲು ಕಟ್ಟಿದ ಗುಂಡಿಯಿತ್ತು. ಗಾಡಿಯನ್ನು ಅದರ ಮೇಲೆ ತಳ್ಳಿದರು. ಗೇರುಪೆಟ್ಟಿಗೆಯ ಹೊರಮೈಯೆಲ್ಲ ಎಣ್ಣೆ, ಧೂಳು ಸೇರಿ ಮೆತ್ತಿಕೊಂಡಿತ್ತು. ಎಲ್ಲಿಂದ ಬಂದದ್ದು, ಎಲ್ಲಿಗೆ ಹರಿದದ್ದು ಹೇಳುವಂತಿರಲಿಲ್ಲ. ಗಾಳಿಗೆ ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಕಂಡಲ್ಲಿ ಸೋರಿರುವುದಿಲ್ಲ, ಸೋರಿದಲ್ಲಿ ಕಾಣುವುದಿಲ್ಲ ಎಂದರು ಮಿಸ್ತ್ರಿ. ಸೀಮೆಎಣ್ಣೆಯಲ್ಲಿ ಇಡೀ ಪೆಟ್ಟಿಗೆಯನ್ನು ತೊಳೆದು ಬಟ್ಟೆಯಿಂದ ಒರೆಸಿ ಒಣಗಿಸಿದರು. ಡಿಕ್ಕಿಯಲ್ಲಿದ್ದ ಎರಡು ಡಬ್ಬಿ ಕೆಂಪು ಎಣ್ಣೆಯನ್ನು ಗೆರೆಯ ತನಕ ತುಂಬಿದರು. ಆಮೇಲೆ ಮೇಲೆ ಬಂದು ಅತ್ತೆಯನ್ನು ಕೇಳಿದರು: “ಅಮ್ಮಾ, ಮುಖಕ್ಕ ಹಚ್ಚೋ ಪೌಡರ್ ಅದ ಏನ್ರಿ? ಬಿಳೀದು ಒಣಾದು ಏನರ ಬೇಕು. ಉದುರಿಸಿದ್ರ ಹಸಿ ಎಲ್ಲಿ ಏಳ್ತದ ಅಂತ ಸಾಫ್ ಕಾಣ್ತದ.”

ಕುಬಸಕ್ಕೆ ಹೊರಟವಳ ಚೀಲದಲ್ಲಿ ಪೌಡರು ಇರಬೇಕಿತ್ತು. ಅವಸರದಲ್ಲಿ ಮರೆತಿದ್ದೆ. ಅತ್ತೆ ಒಂದು ಗಳಿಗೆ ಯೋಚಿಸಿದರು. ಎಲ್ಲಿಗೆ ಹೋದರೂ ಜೊತೆಗೊಯ್ಯುವ ಪೂಜೆಯ ಚೀಲ ಬಿಚ್ಚಿ ವಿಭೂತಿ ಗಟ್ಟಿ ತೆಗೆದು ಚಾಚಿದರು. ಮಿಸ್ತ್ರಿ ಕೈ ಹಿಂದೆಗೆದುಕೊಂಡರು.

“ನಕೋ ಅಮ್ಮಾ, ಇದು ನಿಮ್ಮ ಪೂಜಾದ್ದು.”

“ಮೈಗಿ ಹಚ್ಚೋದು ಯಂತ್ರಕ್ಕ ಹಚ್ಚಿದ್ರ ಏನಾಗ್ತದಪಾ? ಖರೇ ತೋರಸ್ತದಂದ್ರ ಹಚ್ಚು.” ಆಮೇಲೆ ಮಾವನ ಕಡೆ ನೋಡದೆಯೇ, “ಕಾಯಕಾನ ಪೂಜಾ ಅಂತ ದಿನಾ ಹೇಳೋರು ಇಲ್ಲೇ ನಿಂತಾರ,” ಎಂದರು.

ಮಿಸ್ತ್ರಿ ಕೈ ತೊಳೆದುಕೊಂಡು ಬಂದು ಗಟ್ಟಿ ತೆಗೆದುಕೊಂಡದ್ದನ್ನು ನಾನು ನೋಡಿದೆ. ಪುಡಿ ಮಾಡಿ, ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿ, ತಟ್ಟಿ ತಟ್ಟಿ ಗೇರುಪೆಟ್ಟಿಗೆಯನ್ನೆಲ್ಲ ಬೆಳ್ಳಗೆ ಮಾಡಿದರು. ಬಾನೆಟ್ಟಿನ ಮೇಲಿನ ಚಾವಿಯಿಂದ ಇಂಜಿನ್ನು ಚಾಲು ಮಾಡಿ, ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿ, ಸ್ವಲ್ಪ ಹೊತ್ತಿಗೆ ಬಂದ್ ಮಾಡಿ ಚಾವಿಯನ್ನು ಇದ್ದಲ್ಲೇ ಇಟ್ಟರು. “ಈಗ ಕುಂದ್ರೋದು, ಅಷ್ಟೇ,” ಎಂದು ಚಹಾ ತರಿಸಿದರು. ಕುಬಸದ ಮನೆಯಿಂದ ಕರೆಯಲು ಜನ ಬಂದರು. ಅತ್ತೆ ಉಡಿಯ ಸಾಮಾನನ್ನು ಅವರ ಕೈಯಲ್ಲೇ ಕಳಿಸಿ ತಾವು ಕೂತರು. ಬೇವಿನ ನೆರಳಿನಲ್ಲಿ ಕಾಕಾ ಒಂದು ಕಡೆ, ಮಾವ ಒಂದು ಕಡೆ. ಕಾಕಾನ ಚಹಾ ಬಟ್ಟಲು ಹಾಗೇ ಆರುತ್ತಿತ್ತು. ಅಫಜಲಪುರದಿಂದ ಈ ಮನುಷ್ಯ ಎಲ್ಲಿಗೆ ಹೋಗುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಮಿಸ್ತ್ರಿ ಗುಂಡಿಗಿಳಿದು ಮೇಲೆ ನಿಂತ ಕೆಲಸದ ಹುಡುಗನ ಕೈಯಲ್ಲಿ ಕನ್ನಡಿಯ ಚೂರು ಕೊಟ್ಟು ಬಿಸಿಲನ್ನು ಒಳಗೆ ತಿರುಗಿಸಿಕೊಂಡರು. ಗಾಡಿಯ ಹೊಟ್ಟೆಯ ಕೆಳಗೆ ಹಗಲಾಯಿತು. “ಬರ್ರಿ, ಎಲ್ಲಾರೂ ನೋಡ್ರಿ,” ಎಂದು ಕೂಗಿದರು. ಕಾಕಾ ಮೆಟ್ಟಿಲು ಇಳಿದು ಅವರ ಪಕ್ಕ ನಿಂತರು. ಮಾವ ಧೋತರ ಎತ್ತಿಕಟ್ಟಿ ಗುಂಡಿಯ ಅಂಚಿನಲ್ಲಿ ಬಗ್ಗಿದರು. ನಾನು ನೆಲಕ್ಕೆ ಕೂತು ಇಣುಕಿದೆ.

ಕಲ್ಲು ಹೊಡೆದ ತಟ್ಟೆ ಬೆಳ್ಳಗೆ, ಒಣಗಿ, ಹಚ್ಚಿದ ಹಾಗೇ ಇತ್ತು. ಆದರೆ ಪಕ್ಕದಲ್ಲಿ, ಗೇರಿನ ಹಿಡಿಕೆಯಿಂದ ಬಂದ ಸರಳು ಪೆಟ್ಟಿಗೆಯೊಳಗೆ ಹೊಗುವ ಕಡೆ, ವಿಭೂತಿಯ ನಡುವೆ ಹಣೆಯ ಕುಂಕುಮದಷ್ಟು ದುಂಡಗೆ ಕೆಂಪು ಎದ್ದಿತ್ತು. ನಾವು ನೋಡುತ್ತಿದ್ದಂತೆ ಒಂದು ಹನಿಯಾಗಿ ಇಳಿಯಿತು.

“ಸರಳಿನ ಸುತ್ತ ಇರೋ ರಬ್ಬರ್ ಬಳೆ ಹಳೇದಾಗಿ ಬಿರುಕ ಬಿಟ್ಟದ,” ಎಂದರು ಮಿಸ್ತ್ರಿ. “ಓಡುವಾಗ ಸೋರೋದಿಲ್ಲ. ನಿಂತಾಗ ಮ್ಯಾಲಿನ ಎಣ್ಣಿ ಎಲ್ಲಾ ಕೆಳಗ ಇಳೀತದ, ಈ ತೂತಿನ ಮಟಾ ಏರ್ತದ, ಆಗ ಸೋರ್ತದ. ಯಾರ ಕೈದೂ ತಪ್ಪಿಲ್ಲ, ಕಲ್ಲಿಂದೂ ಇಲ್ಲ. ವಯಸ್ಸಾಗ್ಯಾದ, ಅಷ್ಟೇ. ಪಂಪ್‌ಸೆಟ್ಟಿನ ರಬ್ಬರ್ ಬಳೆ ಒಂದು ಇದಕ್ಕ ಕುಂದರ್ತದ, ತಾಸಿನ ಕೆಲಸ. ಕಾಕಾ, ನೀವು ಬಚಾವ್! ನೋಡ್ರಿ ಇಲ್ಲಿ, ಹೆಂಗ ಕೆಂಪಗ ಎದ್ದದ!”

ನನಗೆ ಜೀವ ಬಂದಂತಾಯಿತು. ನಗುತ್ತ ಕಾಕಾನ ಮುಖ ನೋಡಿದೆ. ಕಾಕಾನೂ ನಗುತ್ತಿದ್ದರು. “ಹೌದ್ ನೋಡ್ರಿ, ಇಲ್ಲೇ ಅದ,” ಎಂದು ಕೈ ಎತ್ತಿ ಬೆರಳಿಟ್ಟರು.

ಬೆರಳು ಇಟ್ಟದ್ದು ಹಿಂದಿನ ಮೂಲೆಯ ಒಣ ವಿಭೂತಿಯ ಮೇಲೆ. ಕೆಂಪು ಹನಿ ಅಲ್ಲಿಂದ ಒಂದು ಗೇಣು ದೂರದಲ್ಲಿ, ಕನ್ನಡಿಯ ಬಿಸಿಲಿನಲ್ಲಿ ಹೊಳೆಯುತ್ತಿತ್ತು.

ಮಿಸ್ತ್ರಿ ಮೆಲ್ಲಗೆ ಕಾಕಾನ ಕೈ ಹಿಡಿದು, ಬೆರಳನ್ನು ತಂದು ಹಸಿಯ ಮೇಲೆ ಇಟ್ಟರು. ಅಷ್ಟಕ್ಕೇ ಕಾಕಾನ ನಗು ನಿಂತಿತು. ಎಲ್ಲರಿಗೂ ಕಂಡುಹೋಯಿತು ಎಂದು ಅವರಿಗೆ ತಿಳಿಯಿತು.

“ಯಾವಾಗಿಂದಲೇ?” ಎಂದರು ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ.

“ಒಂದ್ ವರ್ಷದ ಮ್ಯಾಲಾತ್ರಿ ಸಾವ್ಕಾರ್ರ. ಮಂಜ ಮಂಜ ಕಾಣ್ತದ. ದೊಡ್ಡ ದೊಡ್ಡದು ಕಾಣ್ತದ, ಸಣ್ಣದು ಕಾಣೋದಿಲ್ಲ. ಕಡ್ಡಿ ಮ್ಯಾಲಿನ ಗೆರಿ ಕಾಣೋದಿಲ್ಲ. ಬೆರಳಿಗಿ ಹಸಿ ಹತ್ತಿದ್ರ ಎಣ್ಣಿ ಅದ ಅಂತ ತಿಳಕೊಂತಿದ್ದೆ. ನೆಲದ ಮ್ಯಾಲ ಸೋರಿದ್ದೂ ಕೈಗಿ ಹತ್ತಿದ ಮ್ಯಾಲೇ ಗೊತ್ತಾತು. ಮಿಸ್ತ್ರಿ ಹತ್ರ ತಂದ್ರ ಇದೂ ಹೊರಗ ಬೀಳ್ತದ ಅಂತ ಅಂಜಿದೆ.”

ಆಗ ಮಾವನ ಸಿಟ್ಟು ತಿರುಗಿ ಬಂತು, ಈ ಸಲ ಅದರಲ್ಲಿ ಹೆದರಿಕೆಯೂ ಇತ್ತು. “ನನ್ನ ಮನೀ ಮಂದಿನೆಲ್ಲ ಕುಂದರ್ಸಿಕೊಂಡು, ಕಣ್ಣಿಲ್ದ ಗಾಡಿ ಹೊಡ್ದೀ ಏನಲೇ?”

“ತಂಗಿ ಕಣ್ಣಿಲೆ ಹೊಡ್ದೇನ್ರಿ.”

ಮುಂದ ಏನದ ತಂಗಿ, ಎಮ್ಮಿ ಏನು, ಮಂದಿ ಏನು. ನಾನು ಹರಟೆ ಎಂದುಕೊಂಡು ಹೇಳಿದ ಒಂದೊಂದು ಮಾತಿಗೂ ಅವರು ಬ್ರೇಕು ಒತ್ತಿದ್ದರು, ಸ್ಟೇರಿಂಗು ತಿರುಗಿಸಿದ್ದರು. ನಾನು ತೂಕಡಿಸಿದ ದಿನಗಳಿದ್ದವು. ಮುನಿಸಿನಲ್ಲಿ ಮಾತಾಡದೆ ಕೂತ ದಿನಗಳಿದ್ದವು. ಆ ದಿನಗಳಲ್ಲಿ ಅವರು ಗಾಡಿಯನ್ನು ಎತ್ತಿನಷ್ಟು ನಿಧಾನ ಓಡಿಸುತ್ತಿದ್ದದ್ದು ನೆನಪಾಯಿತು. ನನಗೂ ಸಿಟ್ಟು ಬಂತು. “ನನಗರ ಹೇಳಬೇಕಿತ್ತಿಲ್ರಿ ಕಾಕಾ?” ಎಂದು ಜಗಳ ತೆಗೆದೆ, ಅಳುತ್ತಲೇ.

“ಅದಕ್ಕೇ ಕಲಿಸಿದೆ ತಂಗಿ,” ಎಂದರು ಅವರು. “ಒಂದಿಲ್ಲ ಒಂದಿನ ನಾ ಬಿಡಬೇಕು. ಹೊರಗಿನಾಂವ ಬಂದು ಹೊಡೀಬಾರ್ದು ಅಂತ ಇತ್ತು. ನಿನ್ನ ಕೈ ಚೊಲೋ ಕುಂದ್ರಲಿ, ಆಮ್ಯಾಲ ಹೇಳೋಣಂತ ಇದ್ದೆ. ನಾಳಿ ನಾಳಿ ಅಂತ ದಿನ ಹೋದ್ವು.”

ಸೋರಿಕೆಯನ್ನು ಅವರು ನನಗಾಗಿ ಮುಚ್ಚಿದರು ಎಂದು ನಾನು ತಿಳಿದಿದ್ದೆ. ಅವರು ಮುಚ್ಚುತ್ತಿದ್ದದ್ದು ತಮ್ಮ ಕಣ್ಣನ್ನು. ಹಾಗೆಂದು ಅವರ ಮೇಲಿನ ನನ್ನ ಅಕ್ಕರೆ ಕಡಿಮೆಯಾಗಲಿಲ್ಲ.

ಮಿಸ್ತ್ರಿ ಬಳೆ ಹಾಕಿ, ಮತ್ತೊಮ್ಮೆ ವಿಭೂತಿ ಉದುರಿಸಿ, ಒಣಗಿಯೇ ಇದೆ ಎಂದು ತೋರಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಾನೆಟ್ಟಿನ ಮೇಲಿನ ಚಾವಿಯನ್ನು ಮಿಸ್ತ್ರಿ ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. ಮಾವ ಅದನ್ನು ತೆಗೆದು ನನಗೆ ಕೊಟ್ಟರು. “ಇನ್ನ ಮ್ಯಾಲ ನೀ ಸ್ಟೇರಿಂಗ್ ಮುಟ್ಟಬ್ಯಾಡ,” ಎಂದರು ಕಾಕಾಗೆ. ಕಾಕಾ ತಲೆಯಾಡಿಸಿದರು. ಹೆಗಲ ಟವೆಲನ್ನು ಸರಿಮಾಡಿಕೊಂಡು, ಮಾವನ ಕಡೆ ಕೈ ಮುಗಿದು, ಬಸ್ ನಿಲ್ದಾಣ ಎತ್ತ ಎಂದು ಮಿಸ್ತ್ರಿಯನ್ನು ಮೆಲ್ಲಗೆ ಕೇಳಿದರು.

“ಎಲ್ಲಿ ಹೊಂಟೀಲೇ?” ಮಾವ ಕೂಗಿದರು. “ಸ್ಟೇರಿಂಗ್ ಮುಟ್ಟಬ್ಯಾಡ ಅಂದೆ, ಗಾಡಿ ಬಿಟ್ಟು ಹೋಗಂದೇನು? ಮುಂದ ಕುಂದ್ರು. ಹುಡುಗಿಗಿ ದಾರಿ ಹೇಳೋರು ಯಾರು, ನಾನೇನು?”

ನಾನು ಎಡಕ್ಕೆ ಕೂತೆ, ಕಾಕಾ ಬಲಕ್ಕೆ. ಅಫಜಲಪುರದ ಬಜಾರಿನಲ್ಲಿ ಜನ ನಿಂತು ನೋಡಿದರು. ಮಾವ ಈ ಸಲ ಕಿಟಕಿ ಗಾಜು ಇಳಿಸಿದ್ದರು. ಆಳಂದ ಮುಟ್ಟುವ ಹೊತ್ತಿಗೆ ಸೆರಗಿನ ಕೆಳಗೆ ನನ್ನ ಬೆನ್ನು ಪೂರಾ ತೊಯ್ದಿತ್ತು. ಮುಂದೆ ಲಾರಿ ಸಿಕ್ಕಾಗಲೆಲ್ಲ ನಾನು ಅದರ ಹಿಂದೆಯೇ ತೆವಳಿದೆ. ಆಚೆ ನೋಡಿ ಹೇಳುವ ಕಣ್ಣು ಆ ಸೀಟಿನಲ್ಲಿ ಇರಲಿಲ್ಲ.

ಕಲಬುರಗಿಯ ಕಣ್ಣಿನ ಡಾಕ್ಟರು ನರವೇ ಒಣಗಿದೆ, ಮಾಡುವಂಥದ್ದು ಉಳಿದಿಲ್ಲ ಎಂದರು. ಕಾಕಾ ನಮ್ಮ ಅಂಗಳದ ಕೋಣೆಯಲ್ಲೇ ಇದ್ದರು. ಲೈಸೆನ್ಸು ಕೈಗೆ ಬಂದಮೇಲೆ ಕಾರು ಪೂರ್ತಿ ನನ್ನದಾಯಿತು, ಬಲಗಡೆಯ ಸೀಟು ಅವರದು. ವರ್ಷ ಕಳೆದಂತೆ ಅವರಿಗೆ ದೊಡ್ಡದೂ ಕಾಣದಾಯಿತು. ದಾರಿ ಮಾತ್ರ ಅವರ ತಲೆಯಲ್ಲಿ ಪೂರ್ತಿ ಇತ್ತು. ಗಾಳಿಯ ಸದ್ದಿನಿಂದ ಮರಗಳ ಸಾಲು ಬಂತೆಂದು, ಗಾಲಿಯ ಸದ್ದಿನಿಂದ ಸೇತುವೆ ಬಂತೆಂದು ಹೇಳುವರು. ನಾನು ತವರಿಗೆ ಹೋಗುವಾಗ, ಭೀಮಾ ನದಿ ದಾಟಿ ಜೇವರ್ಗಿಯ ದಾರಿಗೆ ಬಿದ್ದ ಸ್ವಲ್ಪ ಹೊತ್ತಿಗೆ, “ತಂಗಿ, ಹಗೂರಕ ಹೊಡಿ. ಮುಂದ ದೊಡ್ಡ ಗುಂಡಿ ಅದ,” ಎನ್ನುವರು.

ಒಂದು ಬೇಸಿಗೆಯಲ್ಲಿ ರಸ್ತೆಯವರು ಬಂದು ಆ ಗುಂಡಿ ಮುಚ್ಚಿ ಮೇಲೆ ಡಾಂಬರು ಹಾಕಿ ಹೋದರು. ಕಾಕಾಗೆ ಅದನ್ನು ನಾನು ಹೇಳಲಿಲ್ಲ. ಅವರು ಗುಂಡಿ ಅದ ಎನ್ನುತ್ತಿದ್ದರು, ನಾನು ಪ್ರತಿ ಸಲವೂ ಕಾಲು ಸಡಿಲಿಸಿ, ಸ್ಟೇರಿಂಗನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿ, ನಿಧಾನವಾಗಿ ದಾಟಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತ ಮಾವ ನುಣ್ಣಗಿನ ರಸ್ತೆಯನ್ನು ನೋಡುತ್ತಲೇ ಇರುತ್ತಿದ್ದರು. ಯಾಕೆ ನಿಧಾನ ಮಾಡಿದಿ ಎಂದು ಅವರು ನನ್ನನ್ನು ಒಂದು ದಿನವೂ ಕೇಳಲಿಲ್ಲ.